ಭೀಮಶಿಯ ತಲೆನೋವು, ಶಿವಲಿಂಗನ ಸಾಕ್ಷಿ

ಭೀಮಶಿಗೆ ತಲೆನೋವು ಹತ್ತಿಕೊಂಡದ್ದು ಯಾವಾಗ ಎಂದು ಕೇಳಿದರೆ ಅವನಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಹೆಂಗಸರಿಗೆ ಬಸ್ಸಿನ ಟಿಕೆಟ್ ಮಾಫ್ ಆದ ವರ್ಷ ಇರಬೇಕು. ರಾಮದುರ್ಗದಿಂದ ಹೊರಟು ಸವದತ್ತಿ, ಮುನವಳ್ಳಿ, ಬೈಲಹೊಂಗಲ ಹಾದು ಕಿತ್ತೂರು ಮುಟ್ಟುವ ಕೆಂಪು ಬಸ್ಸಿಗೆ ಅವನು ಡ್ರೈವರ್. ಮೊದಲೂ ಆ ಬಸ್ಸು ತುಂಬುತ್ತಿತ್ತು. ಆ ವರ್ಷದಿಂದ ತುಂಬಿದ ಮೇಲೂ ತುಂಬತೊಡಗಿತು. ಮಂಗಳವಾರ, ಶುಕ್ರವಾರ ಬಂತೆಂದರೆ ಸವದತ್ತಿಯ ದೇವಿಯ ಗುಡ್ಡಕ್ಕೆ ಹೋಗುವವರು ಇಂಜಿನ್ನಿನ ಬಾನೆಟ್ಟಿನ ಮೇಲೂ ಕುಳಿತು, ಗೇರು ಹಾಕುವ ಅವನ ಕೈಗೆ ಮೊಳಕಾಲು ತಾಗಿಸುತ್ತಿದ್ದರು. ಹಿಂದಿನಿಂದ "ಲಗೂನ ಬಿಡ್ರೀ" ಎಂದು ಒಬ್ಬರು, "ನಮ್ಮಾಕಿ ಇನ್ನೂ ಹತ್ತಿಲ್ರೀ, ನಿಂದರಸ್ರೀ" ಎಂದು ಇನ್ನೊಬ್ಬರು ಕೂಗುತ್ತಿದ್ದರು. ಇಬ್ಬರ ಮಾತೂ ಬಂದು ಕೂಡುವುದು ಡ್ರೈವರನ ಕುತ್ತಿಗೆಯ ಮೇಲೆ.

ನೋವು ಹಿಂದಲೆಯಿಂದ ಏಳುತ್ತಿತ್ತು. ಎರಡೂ ಕಿವಿಗಳ ಮೇಲಿಂದ ಹಾದು ಹಣೆಗೆ ಬಂದು ನಿಲ್ಲುತ್ತಿತ್ತು. ಹಸಿ ತೊಗಲಿನ ಮಿಣಿಯನ್ನು ತಲೆಗೆ ಸುತ್ತಿ ಬಿಸಿಲಿಗೆ ಬಿಟ್ಟರೆ ಅದು ಒಣಗುತ್ತ ಒಣಗುತ್ತ ಹೇಗೆ ಬಿಗಿಯುವುದೋ ಹಾಗೆ. ಸಿಡಿಯುತ್ತಿರಲಿಲ್ಲ, ವಾಂತಿ ಬರುತ್ತಿರಲಿಲ್ಲ, ಕಣ್ಣು ಮಂಜಾಗುತ್ತಿರಲಿಲ್ಲ. ಬರೇ ಬಿಗಿಯುತ್ತಿತ್ತು. ಅವನು ಸವದತ್ತಿ ಸ್ಟ್ಯಾಂಡಿನ ಔಷಧದ ಅಂಗಡಿಯಿಂದ ಗುಳಿಗೆ ತಂದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಮೊದಮೊದಲು ನೋವು ಬಂದ ದಿನ ನುಂಗುತ್ತಿದ್ದ. ಆಮೇಲೆ ನೋವು ಬರಬಾರದೆಂದು ನುಂಗತೊಡಗಿದ.

ಇದನ್ನು ಮೊದಲು ಕಂಡದ್ದು ಅವನ ಹೆಂಡತಿ ಬಾಯವ್ವ ಅಲ್ಲ, ಕಂಡಕ್ಟರ್ ಶಿವಲಿಂಗ. ಇಬ್ಬರೂ ಒಂದೇ ಗಾಡಿಯ ಮೇಲೆ ಎಷ್ಟೋ ವರ್ಷ ಕಳೆದವರು. ಭೀಮಶಿ ಮಿತಭಾಷಿ, ಐವತ್ತರ ಸನಿಹದವನು. ಶಿವಲಿಂಗ ಅವನಿಗಿಂತ ಆರೇಳು ವರ್ಷ ಚಿಕ್ಕವನು, ಬಾಯಿಗೆ ಬಿಡುವಿಲ್ಲದವನು. ಸವದತ್ತಿಯಲ್ಲಿ ಭೀಮಶಿಯ ಬಾಡಿಗೆ ಮನೆಯಿತ್ತು. ಡ್ಯೂಟಿ ಅಲ್ಲಿಗೆ ಮುಗಿದ ದಿನ ಶಿವಲಿಂಗನ ಊಟವೂ ಅಲ್ಲೇ. ಬಾಯವ್ವ ರೊಟ್ಟಿ ತಟ್ಟುವಾಗ ಅವನಿಗೆಂದು ಎರಡು ಹೆಚ್ಚಿಗೆ ತಟ್ಟುತ್ತಿದ್ದಳು. "ವೈನಿ, ನಿಮ್ಮ ಶೇಂಗಾ ಹಿಂಡಿಗೆ ಇಡೀ ಡಿಪೋದಾಗ ಜೋಡಿ ಇಲ್ಲ ನೋಡ್ರಿ" ಎಂದು ಅವನು ಹೊಗಳಿದರೆ ಅವಳು ಒಂದು ಪೊಟ್ಟಣ ಕಟ್ಟಿ ಕೊಡುತ್ತಿದ್ದಳು.

ಅಂಥ ಶಿವಲಿಂಗನೇ ಒಂದು ದಿನ ಬೈಲಹೊಂಗಲ ಸ್ಟ್ಯಾಂಡಿನಲ್ಲಿ ಭೀಮಶಿಯ ಕೈ ಹಿಡಿದು ಗುಳಿಗೆ ಕಸಿದುಕೊಂಡ.

"ಅಣ್ಣಾ, ಮುಂಜಾನೆ ಒಂದು ನುಂಗಿದಿ. ಮುನವಳ್ಳ್ಯಾಗ ಇನ್ನೊಂದು. ಇದೇನ ಗುಳಿಗಿಯೋ, ಚುರಮರಿಯೋ? ನಡಿ, ದವಾಖಾನಿಗೆ ಹೋಗೂನು. ಗಾಡಿ ಬಿಡಾಕ ಇನ್ನೂ ಟೈಮ್ ಐತಿ."

ಸರಕಾರಿ ದವಾಖಾನೆಯ ಡಾಕ್ಟರು ಬಿಪಿ ನೋಡಿದರು, ಕಣ್ಣಿಗೆ ಬ್ಯಾಟರಿ ಬಿಟ್ಟರು, ಕೈಕಾಲು ಎತ್ತಿಸಿದರು, ನೂರೆಂಟು ಪ್ರಶ್ನೆ ಕೇಳಿದರು. ಕಡೆಗೆ, "ತಲ್ಯಾಗ ಗಡ್ಡಿ ಇಲ್ಲ, ನರದ ಜಡ್ಡೂ ಅಲ್ಲ. ಇದು ಬಿಗುವಿನ ತಲಿನೋವು. ದಿನಾ ಗುಳಿಗಿ ನುಂಗಿದ್ರ ಆ ಗುಳಿಗೀನ ತಲಿನೋವು ಎಬ್ಬಸತಾವ, ಅದನ್ನ ಹಂತಹಂತವಾಗಿ ಕಡಿಮಿ ಮಾಡೂನು. ಬಾಜೂ ಖೋಲಿಗೆ ಒಬ್ರು ವಾರಕ್ಕೊಮ್ಮೆ ಬರತಾರ, ಇವತ್ತ ಅದಾರ. ಅವರನ್ನ ಕಂಡ ಹೋಗ್ರಿ" ಎಂದರು.

ಬಾಜೂ ಖೋಲಿಯ ಬಾಗಿಲ ಮೇಲೆ 'ಮಾನಸಿಕ ಆರೋಗ್ಯ' ಎಂಬ ಬೋರ್ಡು ಇತ್ತು. ಅದನ್ನು ಓದಿದ್ದೇ ಭೀಮಶಿ ತಿರುಗಿ ನಡೆದ. ಶಿವಲಿಂಗ ಅಡ್ಡ ನಿಂತ.

"ಎಲ್ಲಿಗೆ ಹೊಂಟಿ?"

"ಲೇ, ಇದು ಹುಚ್ಚರ ಖೋಲಿ. ಯಾರರ ನೋಡಿದ್ರ?"

"ನಾ ಒಬ್ಬಾಂವ ನೋಡೇನಿ. ನನ್ನ ಬಾಯಿಂದ ಹೊರಗ ಬಿದ್ರ ಕೇಳು. ನಡಿ ಒಳಗ."

ಹಾಗೆ ಹೆಗಲಿಗೆ ಕೈ ಹಾಕಿ ಒಳಗೆ ಬಿಟ್ಟು ಬಂದವನು ಶಿವಲಿಂಗ. ಇದನ್ನು ನೆನಪಿಡಬೇಕು. ಭೀಮಶಿಯಂತೂ ಮರೆತಿಲ್ಲ.

ಒಳಗಿದ್ದವಳು ಕಿತ್ತೂರಿನ ಕಡೆಯ ಹುಡುಗಿ, ಆಪ್ತ ಸಮಾಲೋಚಕಿ, ಸಾಯಿಮಾ ಎಂದು ಹೆಸರು. ತಲೆಯ ಮೇಲೆ ದುಪಟ್ಟಾ, ಎದುರಿಗೆ ಎರಡು ಕುರ್ಚಿ, ಬೇರೆ ಸಾಮಾನು ಏನೂ ಇಲ್ಲ. ಅವಳು ಅವನ ನೋವಿನ ಮಾತು ಪೂರಾ ಕೇಳಿಸಿಕೊಂಡಳು.

"ಕಾಕಾ, ಈಗ ನಿಮ್ಮ ಹೆಗಲ ಎಲ್ಲಿ ಅದಾವ ನೋಡಕೊಳ್ರಿ."

ಭೀಮಶಿ ನೋಡಿಕೊಂಡ. ಎರಡೂ ಹೆಗಲು ಕಿವಿಯ ಹತ್ತಿರ ಏರಿ ಕುಳಿತಿದ್ದವು. ಕೈಗಳು ತೊಡೆಯ ಮೇಲೆ ಮುಷ್ಟಿ ಕಟ್ಟಿದ್ದವು. ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು.

"ಬಸ್ಸು ಹೊರಗ ನಿಂತೈತ್ರಿ," ಅವಳು ನಕ್ಕಳು. "ಇಲ್ಲಿ ಸ್ಟೇರಿಂಗ್ ಇಲ್ಲ. ಬಿಟ್ಟಬಿಡ್ರಿ."

ಅವನಿಗೂ ನಗು ಬಂತು. ಧೈರ್ಯ ಮಾಡಿ ಕೇಳಿದ: "ಅಕ್ಕಾರ, ನನಗ ತಲಿ ಕೆಟ್ಟೈತೇನ್ರಿ?"

"ಇಲ್ರಿ. ನಿಮ್ಮ ನೋವು ಖರೇ ಐತಿ, ನೀವೇನು ಸುಳ್ಳು ಹೇಳಾಕತ್ತಿಲ್ಲ. ಆದ್ರ ಮನಸಿನ್ಯಾಗ ಗಾಬರಿ ಎದ್ರ ಮೈ ಬಿಗಿತೈತಿ, ಮೈ ಬಿಗದ್ರ ತಲಿ ಹಿಡಿತೈತಿ, ತಲಿ ಹಿಡದ್ರ ಮತ್ತ ಗಾಬರಿ. ಗಾಣದ ಎತ್ತಿನಂಗ ಅಲ್ಲೇ ತಿರಗತೀರಿ. ಎಲ್ಲ್ಯರ ಒಂದ ಕಡೆ ನಾವು ನೊಗಾ ಬಿಚ್ಚಬೇಕು."

ಅವಳು ಅವನಿಗೆ ಗುಳಿಗೆ ಕೊಡಲಿಲ್ಲ, ತಾಯತ ಕಟ್ಟಲಿಲ್ಲ. ಮುಷ್ಟಿಯನ್ನು ಗಟ್ಟಿಯಾಗಿ ಬಿಗಿದು, ನಿಧಾನವಾಗಿ ಬಿಡಲು ಕಲಿಸಿದಳು. ಹಾಗೆಯೇ ತೋಳು, ಹೆಗಲು, ಹುಬ್ಬು, ದವಡೆ. ಬಿಗಿದಾಗ ಹೇಗಿರುತ್ತದೆ, ಬಿಟ್ಟಾಗ ಹೇಗಿರುತ್ತದೆ ಎಂಬ ಅಂತರವನ್ನು ಮೈಗೆ ತಿಳಿಸಿಕೊಡುವುದು, ಅಷ್ಟೇ. ಉಸಿರು ಎದೆಯಲ್ಲಿ ನಿಲ್ಲದೆ ಹೊಟ್ಟೆಯವರೆಗೆ ಇಳಿಯಬೇಕು ಎಂದಳು. ವಾರವಾರವೂ, ಬೈಲಹೊಂಗಲದಲ್ಲಿ ಗಾಡಿ ನಿಂತ ಹೊತ್ತಿನಲ್ಲಿ ಅವನು ಹೋಗಿ ಬರತೊಡಗಿದ. ಒಮ್ಮೆ ಅವಳು ಕೇಳಿದಳು: "ಬಸ್ಸು ಲೇಟಾತಂದ್ರ ಮನಸಿನ್ಯಾಗ ಏನಂತೀರಿ?"

"ಎಲ್ಲಾರೂ ನನ್ನನ್ನ ಬೈಯಾಕತ್ತಾರ ಅಂತೇನ್ರಿ."

"ಎಲ್ಲಾರೂ?"

ಭೀಮಶಿ ಯೋಚಿಸಿದ. "ಒಂದಿಬ್ರು ಬೈತಾರ್ರಿ."

"ಉಳದವ್ರು?"

"ಉಳದವ್ರು... ಮಲಕೊಂಡಿರತಾರ್ರಿ."

ಅವಳು ಜೋರಾಗಿ ನಕ್ಕಳು. ಅವನೂ ನಕ್ಕ. ಆಮೇಲೆ ಬಸ್ಸಿನಲ್ಲಿ ಕೂಗಾಟ ಎದ್ದಾಗಲೆಲ್ಲ ಹಿಂದೆ ಬಾಯಿ ತೆರೆದು ಮಲಗಿರುವವರನ್ನು ನೆನೆಯುವುದನ್ನು ಅವನು ರೂಢಿ ಮಾಡಿಕೊಂಡ.

ಮನೆಯಲ್ಲಿ ಮಾತ್ರ ಹೇಳಲಿಲ್ಲ. ಬಾಯವ್ವ ಕೇಳಿದರೆ, "ಕಣ್ಣು ತೋರಸಾಕ ಹೋಗಿದ್ದೆ" ಎಂದ. ಹೆಂಡತಿ ಹೆದರುತ್ತಾಳೆ, ತವರಿನವರಿಗೆ ಹೇಳುತ್ತಾಳೆ, ಮಾತು ಬೆಳೆಯುತ್ತದೆ ಎಂಬ ಅಂಜಿಕೆ. ಗುಟ್ಟು ತಿಳಿದಿದ್ದವನು ಶಿವಲಿಂಗ ಒಬ್ಬನೇ. ಅವನು ಅದನ್ನು ಆಟವಾಗಿ ಮಾಡಿಕೊಂಡಿದ್ದ. ನವಿಲುತೀರ್ಥದ ಇಳುಕಲಿನಲ್ಲಿ ಹಿಂದಿನಿಂದ "ಅಣ್ಣಾ, ಹೆಗಲ!" ಎಂದು ಕೂಗುತ್ತಿದ್ದ. ಭೀಮಶಿ ಹೆಗಲು ಇಳಿಬಿಡುತ್ತಿದ್ದ. ಜನ ಇದೇನೋ ಡ್ರೈವರ್-ಕಂಡಕ್ಟರರ ಭಾಷೆ ಎಂದುಕೊಳ್ಳುತ್ತಿದ್ದರು.

ಗುಳಿಗೆ ಬಿಟ್ಟ ಹೊಸದರಲ್ಲಿ ನೋವು ಮೊದಲಿಗಿಂತ ಜೋರಾಯಿತು. ಹೀಗಾಗುತ್ತದೆ, ತಡೆದುಕೊಳ್ಳಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಮೇಲೆ ಇಳಿಯತೊಡಗಿತು. ಬೇಸಿಗೆ ಬರುವ ಹೊತ್ತಿಗೆ ನೋವಿಲ್ಲದ ದಿನಗಳೇ ಹೆಚ್ಚಾದವು. ಭೀಮಶಿ ಸ್ಟೇರಿಂಗಿನ ಮೇಲೆ ಬೆರಳು ತಟ್ಟಿ ಭಜನೆಯ ಪದ ಗುನುಗುವುದನ್ನು ಕಂಡು ಶಿವಲಿಂಗನೇ ಬೆರಗಾದ.

ಆಗ ಮುನವಳ್ಳಿಯಲ್ಲಿ ಆ ಘಟನೆ ನಡೆಯಿತು.

ಸಂತೆಯ ದಿನ. ಸ್ಟ್ಯಾಂಡಿನಲ್ಲಿ ಬಸ್ಸು ನಿಂತದ್ದೇ ತಡ, ಬಾಗಿಲಿಗೆ ಜನ ಜೇನಿನಂತೆ ಮುತ್ತಿದರು. ಶಿವಲಿಂಗ ಒಳಗೆ ನಡುವಿನಲ್ಲಿ ಸಿಕ್ಕಿಕೊಂಡು ಮಶಿನ್ನಿನಲ್ಲಿ ಒಂದೇ ಸಮನೆ ಟಿಕೆಟ್ ಒತ್ತುತ್ತಿದ್ದ. ಸೀಟಿ ಆಯಿತು. ಭೀಮಶಿ ಎಡಗಡೆಯ ಕನ್ನಡಿಯಲ್ಲಿ ನೋಡಿದ; ತಲೆಗಳ ಹೊರತು ಏನೂ ಕಾಣಲಿಲ್ಲ. ಕಾಣದ ಕಡೆಗೆ ಕಂಡಕ್ಟರನೇ ಡ್ರೈವರನ ಕಣ್ಣು. ಅಷ್ಟು ವರ್ಷ ನಂಬಿದ ಸೀಟಿಯನ್ನು ಆ ದಿನವೂ ನಂಬಿ ಅವನು ಕ್ಲಚ್ ಬಿಟ್ಟ.

ಕಿರುಚಾಟ ಎದ್ದಿತು. "ಹೋಲ್ಡಾನ್! ಹೋಲ್ಡಾನ್!"

ಶಟ್ಟೆವ್ವ ಎಂಬ ಮುದುಕಿ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದಳು. ಬಸ್ಸು ಅಲುಗಿದ್ದಕ್ಕೆ ಕೈ ಜಾರಿ ಕೆಳಗೆ ಬಿದ್ದಿದ್ದಳು. ಚೀಲದ ಬದನೆಕಾಯಿ ಚೆಲ್ಲಾಪಿಲ್ಲಿಯಾಗಿದ್ದವು. ಪುಣ್ಯಕ್ಕೆ ಚಕ್ರ ದೂರವಿತ್ತು. ಭೀಮಶಿ ಇಳಿದು ಓಡಿ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದ. ಮುಂಗೈ ಮುರಿದಿತ್ತು, ಸೊಂಟಕ್ಕೆ ಪೆಟ್ಟಾಗಿತ್ತು. ತಿರುಗಿ ಬಂದಾಗ ಶಿವಲಿಂಗ ಬಸ್ಸಿನ ನೆರಳಿನಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದ. ಅವನ ಮೇಲೆ ಈಗಾಗಲೇ ಬೇರೆ ಕಾರಣಕ್ಕೆ ಎಚ್ಚರಿಕೆಗಳು ಆಗಿದ್ದವು. ಇನ್ನೊಂದು ಬಂದರೆ ಕೆಲಸಕ್ಕೇ ಸಂಚಕಾರ ಎಂದು ಇಬ್ಬರಿಗೂ ಗೊತ್ತಿತ್ತು.

ಭೀಮಶಿ ಅವನ ಬಾಜೂ ಕುಳಿತ. "ಅಂಜಬ್ಯಾಡ. ಗದ್ದಲದಾಗ ನಿನಗ ಬಾಗಲಾ ಕಾಣಲಿಲ್ಲ, ನನಗ ಕನ್ನಡ್ಯಾಗ ಮುದುಕಿ ಕಾಣಲಿಲ್ಲ. ಇಬ್ಬರದೂ ತಪ್ಪೈತಿ ಅಂತ ಹೇಳೂನು. ಇಬ್ಬರೂ ಹೊತ್ರ ಭಾರ ಕಡಿಮಿ."

ಶಿವಲಿಂಗ ಹೂಂ ಎಂಬಂತೆ ತಲೆಯಾಡಿಸಿದ.

ವಿಚಾರಣೆ ನಡೆದದ್ದು ಡಿಪೋದ ಮ್ಯಾನೇಜರ್ ಸಾಹೇಬರ ಖೋಲಿಯಲ್ಲಿ. ಮೇಲಿನ ಆಫೀಸಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ಮೊದಲು ಭೀಮಶಿ ಹೇಳಿದ: ಸೀಟಿ ಆಯಿತು, ಕನ್ನಡಿ ನೋಡಿದೆ, ಮುದುಕಿ ಕಾಣಲಿಲ್ಲ, ಇನ್ನೊಮ್ಮೆ ನೋಡಬೇಕಾಗಿತ್ತು, ನನ್ನ ತಪ್ಪೂ ಐತಿ. ಆಮೇಲೆ ಶಿವಲಿಂಗನ ಪಾಳಿ. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದ.

"ನಾ ಸೀಟಿ ಹೊಡದಿಲ್ಲ ಸರ."

ಭೀಮಶಿ ತಾನು ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು ಅವನ ಕಡೆ ತಿರುಗಿದ.

"ಮತ್ತ ಡ್ರೈವರು ಸೀಟಿ ಆತು ಅಂತಾನಲ್ಲ?" ಅಧಿಕಾರಿ ಕೇಳಿದರು.

ಶಿವಲಿಂಗ ಕ್ಯಾಲೆಂಡರಿನಿಂದ ಕಣ್ಣು ಕೀಳಲಿಲ್ಲ. "ಹೇಳಬಾರದು ಸರ, ಆದ್ರೂ ಹೇಳಬೇಕಾಗೇತಿ. ಅವರಿಗೆ ಇತ್ತಿತ್ಲಾಗ ತಲಿ ಸರಿ ಇಲ್ರಿ. ಬೈಲಹೊಂಗಲದಾಗ ಹುಚ್ಚರ ಡಾಕ್ಟರ್ ಕಡೆ ವಾರವಾರ ಹೋಗತಾರ. ಇಲ್ಲದ್ದು ಕೇಳಸ್ತೈತೋ ಏನೋ, ನನಗ ಗೊತ್ತಿಲ್ರಿ."

ಫ್ಯಾನು ತಿರುಗುತ್ತಲೇ ಇತ್ತು. ಖೋಲಿಯಲ್ಲಿದ್ದವರೆಲ್ಲ ಭೀಮಶಿಯ ಕಡೆ ನೋಡಿದರು. ಅದು ಬೈಯುವ ನೋಟವಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅದು ಹಾಯುವ ದನದಿಂದ ಒಂದು ಹೆಜ್ಜೆ ಹಿಂದೆ ಸರಿಯುವವರ ನೋಟ.

"ಹೋಗೂದು ಖರೇ ಏನ್ರಿ?" ಮ್ಯಾನೇಜರ್ ಮೆಲ್ಲಗೆ ಕೇಳಿದರು.

"ಖರೇ ಐತ್ರಿ. ತಲಿನೋವಿಗೆ ಹೋಗತೇನ್ರಿ," ಎಂದ ಭೀಮಶಿ. ದವಡೆ ಕಚ್ಚಿಕೊಂಡಿತ್ತು.

ಅವನನ್ನು ಸ್ಟೇರಿಂಗಿನಿಂದ ಇಳಿಸಿದರು. ದೊಡ್ಡ ಡಾಕ್ಟರರು ಪರೀಕ್ಷಿಸಿ ಸರಿ ಇದ್ದಾನೆ ಎನ್ನುವವರೆಗೆ ಡಿಪೋದ ಅಂಗಳದಲ್ಲಿ ಕೆಲಸ. ಬಂದ ಗಾಡಿ ತೊಳೆಸುವುದು, ಟಯರಿನ ಗಾಳಿ ನೋಡುವುದು. ಸುದ್ದಿ ಆಗಲೇ ಎಲ್ಲ ಗಾಡಿಗಳನ್ನೂ ಹತ್ತಿ ಐದೂ ಊರಿಗೆ ಹೋಗಿತ್ತು. ಹೊಸ ಹುಡುಗರು ಅವನ ಬೆನ್ನ ಹಿಂದೆ ಬಾಯಿಂದ ಸೀಟಿ ಹೊಡೆದು, "ಕೇಳಿಸ್ತೇನ್ರಿ ಕಾಕಾ?" ಎಂದು ನಗುತ್ತಿದ್ದರು.

ಮನೆಗೆ ಸುದ್ದಿ ತಂದವಳು ನೆರೆಯ ಮನೆಯ ಹೆಂಗಸು. ಬಾಯವ್ವ ಹಿಟ್ಟಿನ ಕೈ ತೊಳೆಯದೆ ಹಾಗೆಯೇ ಬಾಗಿಲಲ್ಲಿ ನಿಂತಿದ್ದಳು.

"ಖರೇ ಏನ್ರಿ?"

ಅವನು ಎಲ್ಲವನ್ನೂ ಹೇಳಿದ. ಗುಳಿಗೆಯಿಂದ ಹಿಡಿದು ವಿಚಾರಣೆಯವರೆಗೆ. ಅವಳು ಅಳುತ್ತಾಳೆ, ಶಿವಲಿಂಗನನ್ನು ಬೈಯುತ್ತಾಳೆ ಎಂದುಕೊಂಡಿದ್ದ. ಬೈದಳು, "ಉಂಡ ಮನಿ ಜಂತಿ ಎಣಿಸಿದಾಂವ, ಅಂವನ ಹೊಟ್ಟ್ಯಾಗ ನನ್ನ ರೊಟ್ಟಿ ಹ್ಯಾಂಗ ಕರಗ್ಯಾವೋ" ಎಂದಳು. ಆದರೆ ಅಲ್ಲಿಗೆ ನಿಲ್ಲಲಿಲ್ಲ.

"ಅಂವಗ ಹೇಳಿದ್ರಿ. ನನಗ ಹೇಳಲಿಲ್ಲ. ಕಣ್ಣು ತೋರಸಾಕ ಅಂದ್ರಿ, ನಾ ನಂಬಿದೆ. ದಿನಾ ನಿಮ್ಮ ಬಾಜೂ ಮಲಗಾಕಿ ನಾನು. ನಿಮ್ಮ ತಲಿ ನೋಯೂದು ಊರಿಗೆಲ್ಲಾ ಗೊತ್ತಾದ ಮ್ಯಾಲೆ ನನಗ ಗೊತ್ತಾತು. ಅಂವ ನಿಮಗ ಮಾಡಿದ್ದು ಮೋಸ. ನೀವು ನನಗ ಮಾಡಿದ್ದು ಏನು?"

ಅವತ್ತು ಅವಳು ತಾಟು ಬಡಿಸಿಟ್ಟು, ಎದುರಿಗೆ ಕೂಡದೆ ಹಿತ್ತಲಿಗೆ ಹೋದಳು.

ತಲೆನೋವು ತಿರುಗಿ ಬಂತು, ಬಡ್ಡಿ ಸಮೇತ. ಮುಷ್ಟಿ ಬಿಗಿದು ಬಿಡಲು ಹೋದರೆ ಬಿಗಿಯುವುದು ಆಗುತ್ತಿತ್ತು, ಬಿಡುವುದು ಆಗುತ್ತಿರಲಿಲ್ಲ. ಅವನು ಸಾಯಿಮಾಳ ಕಡೆ ಹೋಗುವುದನ್ನೂ ಬಿಟ್ಟ. ಆ ಬಾಗಿಲು ದಾಟದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಎನಿಸುತ್ತಿತ್ತು. ಇದಕ್ಕಿಂತ ಕೆಟ್ಟದ್ದು ಇನ್ನೊಂದು. ಟಯರಿನ ಮುಂದೆ ಕುಳಿತಾಗ ಅವನ ಮನಸ್ಸು ಮತ್ತೆ ಮತ್ತೆ ಮುನವಳ್ಳಿಯ ಸ್ಟ್ಯಾಂಡಿಗೆ ಹೋಗುತ್ತಿತ್ತು. ಸೀಟಿ ಆಗಿತ್ತೇ? ಆಗಿತ್ತು. ಆಗಿತ್ತೇ? ಹತ್ತು ಸಲ ನೆನೆಸಿಕೊಂಡರೆ ಹನ್ನೊಂದನೆಯ ಸಲಕ್ಕೆ ಸದ್ದು ಮಸುಕಾಗುತ್ತಿತ್ತು. ಶಿವಲಿಂಗ ಅಷ್ಟು ಗಟ್ಟಿಯಾಗಿ ಹೇಳಿದ್ದಾನೆ ಎಂದ ಮೇಲೆ ಒಂದು ವೇಳೆ ಅವನ ಮಾತೇ ನಿಜವಾಗಿದ್ದರೆ? ತನ್ನ ಕಿವಿಯೇ ತನಗೆ ಸುಳ್ಳು ಹೇಳಿದ್ದರೆ?

ಕಡೆಗೆ ಅವನನ್ನು ಬೈಲಹೊಂಗಲಕ್ಕೆ ಎಳೆದುಕೊಂಡು ಹೋದವಳು ಬಾಯವ್ವ. ಸಿಟ್ಟು ಇಳಿದಿರಲಿಲ್ಲ, ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಆದರೆ ಖೋಲಿಯ ಬಾಗಿಲನ್ನು ತಾನೇ ನೂಕಿ ಒಳಗೆ ಹೋಗಿ, "ಇವರ ಮನಿಯಾಕಿ ನಾನ್ರಿ. ಇನ್ನ ಮುಂದ ಏನರ ಇದ್ರ ನನ್ನ ಮುಂದೂ ಹೇಳ್ರಿ" ಎಂದಳು.

"ಅದನ್ನ ಕಾಕಾರ ಹೇಳಬೇಕ್ರಿ," ಎಂದಳು ಸಾಯಿಮಾ. "ಅವರು ಹೂಂ ಅಂದ್ರ ಕುಂದರ್ರಿ. ಅವರು ಒಪ್ಪಲಾರದ ಇಲ್ಲಿ ಮಾತು ನಾ ಯಾರಿಗೂ ಹೇಳೂದಿಲ್ಲ."

ಭೀಮಶಿ ಹೂಂ ಎಂದ. ಆಮೇಲೆ ಒಮ್ಮೆಲೇ ಕೇಳಿದ: "ಅಕ್ಕಾರ, ಇಲ್ಲದ ಸೀಟಿ ನನಗ ಕೇಳಿರಬಹುದೇನ್ರಿ?"

ಅವಳು ತಟ್ಟನೆ ಇಲ್ಲ ಎನ್ನಲಿಲ್ಲ. "ಇಷ್ಟು ದಿನಾ ನನ್ನ ಮುಂದ ಕುಂತೀರಿ. ಅಂಥಾ ಜಡ್ಡಿನ ಕುರುಹು ನನಗ ಒಂದೂ ಕಂಡಿಲ್ಲ. ಇದನ್ನ ನೀವು ಹೇಳಂದ್ರ ದೊಡ್ಡ ಡಾಕ್ಟರ ಮುಂದನೂ ಹೇಳತೇನಿ. ಆದ್ರ ಆ ದಿನ ನಾ ಬಸ್ಸಿನ್ಯಾಗ ಇದ್ದಿಲ್ಲ. ಕುಂತಲ್ಲೇ ನೆನಸಿ ನೆನಸಿ ಇದು ಬಗಿಹರಿಯೂದಿಲ್ಲ ಕಾಕಾ. ಅಲ್ಲಿ ಇದ್ದವರನ್ನ ಕೇಳ್ರಿ."

ಅವನು ಹಲ್ಲು ಕಚ್ಚಿದ್ದನ್ನು ಅವಳು ನೋಡಿದಳು. "ಮತ್ತ, ಅಂವನ್ನ ಕ್ಷಮಿಸ್ರಿ ಅಂತ ನಾ ಹೇಳತೇನಿ ಅಂದ್ಕೊಂಡೀರೇನು? ಹೇಳೂದಿಲ್ಲ. ನಿಮ್ಮ ಸಿಟ್ಟಿಗೆ ಕಾರಣ ಐತಿ. ಸಿಟ್ಟು ಇರಲಿ. ಆದ್ರ ಅದಕ್ಕ ನಿಮ್ಮ ದವಡ್ಯಾಗ ಯಾಕ ಮನಿ ಮಾಡಿ ಕೊಡತೀರಿ? ಬಾಯಿ ಬಿಟ್ಟು ಆಡ್ರಿ. ಆಡಬೇಕಾದವರ ಮುಂದ ಆಡ್ರಿ."

ಬಾಯವ್ವ ಅವತ್ತು ಮೊದಲ ಸಲ ಗಂಡನ ಮುಖ ನೋಡಿದಳು.

ತಿರುಗಿ ಬರುವಾಗ ಇಬ್ಬರೂ ಮುನವಳ್ಳಿಯಲ್ಲಿ ಇಳಿದರು. ಶಟ್ಟೆವ್ವನ ಮಗಳ ಮನೆ ಕೇಳಿಕೊಂಡು ಹೋದರು. ಮುದುಕಿ ಪಡಸಾಲೆಯಲ್ಲಿ ಮುಂಗೈಗೆ ಪಟ್ಟಿ ಕಟ್ಟಿಸಿಕೊಂಡು ಗೋಡೆಗೆ ಒರಗಿ ಕುಳಿತಿದ್ದಳು. ಬೈಯಬಹುದು ಎಂದು ಭೀಮಶಿ ಹೊಸ್ತಿಲಲ್ಲೇ ನಿಂತ.

"ಎತ್ತಿಕೊಂಡ ಹೋದಾಂವ ನೀನಲ್ಲೇನೋ ಯಪ್ಪಾ? ಬಾ, ಕುಂದರು," ಎಂದಳು ಅವಳು.

ಅವನು ಕುಳಿತ. ಕುಶಲ ಕೇಳಿದ. ಕೇಳಬೇಕಾದದ್ದನ್ನು ಬಿಟ್ಟು ಕೈಯ ಪಟ್ಟಿಯ ಮಾತು ಆಡಿದ. ಬಾಯವ್ವನೇ ಕೇಳಿದಳು: "ಯಮ್ಮಾ, ನೀ ಬಿದ್ದ ದಿನ ಬಸ್ಸು ಬಿಡೂ ಮುಂದ ಸೀಟಿ ಆಗಿತ್ತೇನ?"

"ಆಗಿತ್ತಲ್ಲವಾ! ಸೀಟಿ ಆತು, ಇನ್ನ ಬಸ್ಸು ಹೋಗತೈತಿ ಅಂತನ ನಾ ಗಡಿಬಿಡಿಲೆ ಕಾಲು ಇಟ್ಟೆ. ಇಲ್ಲಾಂದ್ರ ಯಾಕ ಹಂಗ ಜಿಗೀತಿದ್ದೆ, ಈ ವಯಸ್ಸಿನ್ಯಾಗ?"

ಭೀಮಶಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹೆಗಲು ಅಲುಗುತ್ತಿದ್ದವು. ಮುದುಕಿಗೆ ಏನೂ ತಿಳಿಯಲಿಲ್ಲ. "ಕೈ ಕೂಡತೈತಿ ಅಂತ ಡಾಕ್ಟರ್ ಹೇಳ್ಯಾರೋ, ಯಾಕ ಅಳತಿ ಹುಚ್ಚಪ್ಪಾ" ಎಂದು ಒಳ್ಳೆಯ ಕೈಯಿಂದ ಅವನ ಬೆನ್ನು ಸವರಿದಳು. ಬಾಯವ್ವ ಸೆರಗಿನಿಂದ ಅವನ ಮುಖ ಒರೆಸಿದಳು.

ಅದೇ ಮಾತನ್ನು ಶಟ್ಟೆವ್ವ, ಭೀಮಶಿ ತಿಳಿಸಿದ್ದರಿಂದ ಡಿಪೋದವರು ಬಂದು ಕೇಳಿದಾಗಲೂ ಹೇಳಿದಳು. ದೊಡ್ಡ ದವಾಖಾನೆಯ ಡಾಕ್ಟರರು ಪರೀಕ್ಷಿಸಿ, ಸಾಯಿಮಾಳ ಮಾತನ್ನೂ ಕೇಳಿ, ಈ ಮನುಷ್ಯನಿಗೆ ಗಾಡಿ ಓಡಿಸಲು ಯಾವ ಅಡ್ಡಿಯೂ ಇಲ್ಲ ಎಂದರು. ಭೀಮಶಿ ಮತ್ತೆ ಸ್ಟೇರಿಂಗ್ ಹಿಡಿದ. ಆದರೆ ವಿಚಾರಣೆ ಮುಗಿದದ್ದು ಅವನು ಮೊದಲ ದಿನವೇ ಹೇಳಿದ ಮಾತಿನಂತೆ: ಇಬ್ಬರದೂ ತಪ್ಪು, ಇಬ್ಬರಿಗೂ ಎಚ್ಚರಿಕೆ. ಹಳೆಯ ಸೇವೆ ನೋಡಿ ಶಿವಲಿಂಗನ ಕೆಲಸ ಉಳಿಯಿತು. ಅವನು ಹೇಳಿದ ಸುಳ್ಳಿಗೆ ಬೇರೆ ಶಿಕ್ಷೆ ಏನೂ ಇರಲಿಲ್ಲ. ಮೊದಲಿನಂತೆ ಇಬ್ಬರನ್ನೂ ಒಂದೇ ಗಾಡಿಗೆ ಹಾಕಲು ಹೊರಟಾಗ ಭೀಮಶಿ ಮ್ಯಾನೇಜರ್ ಸಾಹೇಬರ ಮುಂದೆ ಹೋಗಿ ನಿಂತ.

"ಸಾಹೇಬ್ರ, ಯಾರ ಕೂಡ ಬೇಕಾದ್ರೂ ಹಾಕ್ರಿ. ಅಂವನ ಕೂಡ ಬ್ಯಾಡ್ರಿ. ಅಂವನ ಸೀಟಿ ನಂಬಿ ಗಾಡಿ ಬಿಡಾಕ ನನ್ನ ಕಡಿಂದ ಆಗೂದಿಲ್ರಿ."

ಅವರು ಒಪ್ಪಿದರು. ಮೀನಾ ಎಂಬ ಕಂಡಕ್ಟರ್ ಅವನ ಗಾಡಿಗೆ ಬಂದಳು. ಗಟ್ಟಿ ದನಿಯ, ಗಟ್ಟಿ ಕೆಲಸದ ಹೆಣ್ಣುಮಗಳು. ಬಾಗಿಲ ಹತ್ತಿರ ಬಂದು ನೋಡದೆ ಸೀಟಿ ಬಾಯಿಗೆ ಇಡುತ್ತಿರಲಿಲ್ಲ. ಆದರೂ ಅವಳು ಸೀಟಿ ಹೊಡೆದ ಮೇಲೆ ಭೀಮಶಿ ಕನ್ನಡಿ ನೋಡಿ, ಮತ್ತೊಮ್ಮೆ ನೋಡಿ, ಆಗಲೂ ಮನಸ್ಸು ಒಪ್ಪದಿದ್ದರೆ ಕುತ್ತಿಗೆ ಹೊರಳಿಸಿ ಬಾಗಿಲವರೆಗೆ ನೋಡುತ್ತಿದ್ದ. ಸೀಟಿ ಆದಾಗಲೆಲ್ಲ ಹೆಗಲು ತಾನಾಗಿಯೇ ಮೇಲೇರುತ್ತಿತ್ತು. ಸಾಯಿಮಾ ಅದಕ್ಕೂ ಅಭ್ಯಾಸ ಹೇಳಿಕೊಟ್ಟಿದ್ದಳು. ಈಗ ಮನೆಯಲ್ಲಿ ಬಾಯವ್ವ ಎದುರಿಗೆ ಕುಳಿತು ಮಾಡಿಸುತ್ತಿದ್ದಳು.

ಶಿವಲಿಂಗ ಸಿಕ್ಕಿದ್ದು ಸವದತ್ತಿ ಸ್ಟ್ಯಾಂಡಿನಲ್ಲಿ, ಮಧ್ಯಾಹ್ನ. ಭೀಮಶಿ ಗಾಡಿಯ ನೆರಳಿನಲ್ಲಿ ನಿಂತಿದ್ದ. ಶಿವಲಿಂಗ ಕ್ಯಾಂಟೀನಿನಿಂದ ಎರಡು ಚಹಾ ಹಿಡಿದುಕೊಂಡು ಬಂದ. ಸೊರಗಿದ್ದ.

"ಅಣ್ಣಾ, ಚಹಾ ತಗೋ."

ಭೀಮಶಿ ಕೈ ಚಾಚಲಿಲ್ಲ.

"ಒಂದ ಮಾತು ಕೇಳು ಅಣ್ಣಾ. ನಾ ಸೀಟಿ ಹೊಡದೆ ಅಂದಿದ್ರ ನನ್ನ ಕೆಲಸ ಅವತ್ತ ಹೋಗತಿತ್ತು. ನೀನು ಜಡ್ಡಿನ ಮನಿಶಾ ಅಂದ್ರ ನಿನಗ ಏನೂ ಮಾಡೂದಿಲ್ಲ, ಪಾಪ ಅಂತ ಬಿಟ್ಟಬಿಡತಾರ ಅಂದ್ಕೊಂಡೆ. ಇಬ್ಬರೂ ಉಳೀತೇವಿ ಅಂತನ ಹಂಗ ಹೇಳಿದೆ. ದೇವರಾಣಿ. ನಿನಗ ಕೆಟ್ಟದ ಮಾಡಬೇಕಂತ ಅಲ್ಲ."

ಅವನು ಹೇಳುವುದರಲ್ಲಿ ಸ್ವಲ್ಪ ನಿಜವೂ ಇತ್ತು. ಅದೇ ಭೀಮಶಿಗೆ ಹೆಚ್ಚು ನೋವಾದದ್ದು. ದವಡೆ ಬಿಗಿಯುತ್ತಿರುವುದು ಅವನಿಗೆ ಗೊತ್ತಾಯಿತು. ಬಿಟ್ಟ. ಉಸಿರು ಹೊಟ್ಟೆಯವರೆಗೆ ಎಳೆದುಕೊಂಡ. ಆಮೇಲೆ ಮಾತಾಡಿದ, ದನಿ ಎತ್ತರಿಸಲಿಲ್ಲ.

"ಸೀಟಿ ಹೊಡದದ್ದು ತಪ್ಪಂತ ನಾ ಎಂದೂ ಅಂದಿಲ್ಲ. ಗದ್ದಲದಾಗ ಯಾರ ಕೈಯಿಂದನೂ ಆಗತೈತಿ. ಭಾರ ಹೊರತೇನಿ ಅಂದಿದ್ದೆ, ಹೊತ್ತೆ. ಹುಚ್ಚಾ ಅಂದಿ, ಅದನ್ನೂ ಹೊತ್ತೆ. ಆದ್ರ ಶಿವಲಿಂಗಾ, ನನಗ ಕೇಳಿದ್ದು ನನಗ ಕೇಳಿಲ್ಲ ಅನ್ನಸೂ ಹಂಗ ಮಾಡಿದ್ಯಲ್ಲ, ನನ್ನ ಕಿವೀನ ನನಗ ಸುಳ್ಳ ಮಾಡಿದ್ಯಲ್ಲ. ಟಯರಿನ ಮುಂದ ಕುಂತು ನಾ ಖರೇನ ಹುಚ್ಚಾ ಆಗೇನೇನು ಅಂತ ಎಷ್ಟ ದಿನಾ ಅತ್ತೇನಿ ಗೊತ್ತೈತೇನು? ಒಳಗ ಹೋಗು, ನನ್ನ ಬಾಯಿಂದ ಹೊರಗ ಬೀಳೂದಿಲ್ಲ ಅಂತ ಹೆಗಲಿಗೆ ಕೈ ಹಾಕಿ ಕಳಿಸಿದಾಂವ ನೀನು. ನಂಬಿದ ಎಮ್ಮಿ ಕೋಣ ಈದಂಗ ಆತು ನನ್ನ ಬಾಳೇ."

"ತಪ್ಪಾತು ಅಣ್ಣಾ."

"ಹೂಂ. ತಪ್ಪಾತು. ನಿನಗ ಕೆಟ್ಟದ್ದಾಗಲಿ ಅಂತ ನಾ ಬೇಡೂದಿಲ್ಲ. ಆದ್ರ ಅಣ್ಣಾ ಅಂತ ಕರೀಬ್ಯಾಡ. ನನ್ನ ಮನಿ ಕಡೆ ಬರಬ್ಯಾಡ."

ಶಿವಲಿಂಗ ಎರಡೂ ಕೈಯಲ್ಲಿ ಚಹಾ ಹಿಡಿದು ನಿಂತೇ ಇದ್ದ. ಭೀಮಶಿ ಗಾಡಿ ಹತ್ತಿದ. ಹೇಳಬೇಕಾದದ್ದನ್ನು ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದ. ಅಷ್ಟೇನೂ ಹಗುರಾಗಲಿಲ್ಲ. ಯಾರನ್ನೋ ಮಣ್ಣು ಮಾಡಿ ಬಂದವನ ಹಾಗೆ ಕೈಕಾಲು ಸೋತಿದ್ದವು.

ಮೀನಾ ಸೀಟಿ ಹೊಡೆದಳು. ಅವನು ಕನ್ನಡಿ ನೋಡಿ, ಇನ್ನೊಮ್ಮೆ ನೋಡಿ, ಬಸ್ಸು ಬಿಟ್ಟ. ಊರು ದಾಟುವುದರೊಳಗೆ ಹಿಂದಲೆಯಲ್ಲಿ ಬಿಗಿತ ಎದ್ದಿತು. ಹೆಗಲು ಇಳಿಸಿದ, ಹುಬ್ಬು ಸಡಿಲಿಸಿದ. ಸ್ವಲ್ಪ ತಗ್ಗಿತು, ಹೋಗಲಿಲ್ಲ. ಎಲ್ಲ ದಿನವೂ ಹೋಗುವುದಿಲ್ಲ, ಇದ್ದರೆ ಇರಲಿ ಎಂದು ಅದರ ಜೊತೆಗೇ ನೆಟ್ಟಗೆ ಗಾಡಿ ಓಡಿಸುವುದನ್ನು ಅವನು ಕಲಿತಿದ್ದ.

ಟಿಕೆಟ್ ಮುಗಿಸಿ ಮೀನಾ ಮುಂದೆ ಬಂದು ನಿಂತಳು. ಕನ್ನಡಿಯಲ್ಲಿ ಅವನ ಮುಖ ನೋಡಿದಳು.

"ಅಣ್ಣಾರ, ಮಾರಿ ಯಾಕೋ ಸಪ್ಪಗೈತಿ. ಹುಷಾರ ಅದೀರಿಲ್ಲೋ?"

ಒಳ್ಳೆಯ ಹೆಣ್ಣುಮಗಳು. ಮನಸ್ಸಿನಿಂದ ಕೇಳಿದ್ದಳು. ತಲೆನೋವು ಎಂಬ ಮಾತು ಭೀಮಶಿಯ ನಾಲಿಗೆಯ ತುದಿಗೆ ಬಂತು.

"ಏನಿಲ್ಲವಾ. ಬಿಸಲಿಗೆ ಹಂಗ ಆಗೇತಿ," ಎಂದ.

ಮನೆಗೆ ಹೋದ ಮೇಲೆ ಬಾಯವ್ವನಿಗೆ ಹೇಳಿದರಾಯಿತು ಎಂದುಕೊಂಡು, ಮುಂದಿನ ತಿರುವಿಗೆ ಗೇರು ಇಳಿಸಿದ.